ವ್ಲಾಗ್: ಅದರ ಜನಪ್ರಿಯತೆಯೂ ಬೆಲೆಯೂ

೧

ಹೊಸದೊಂದು ಪ್ರಕಾರವು ಜನರ ನಡುವೆ ತಲೆದೋರಿದಾಗ ವಿದ್ವಾಂಸರು ಮೊದಲು ಅದನ್ನು ಅಲಕ್ಷಿಸುವುದು, ಅನಂತರ ನಿಂದಿಸುವುದು, ಕಡೆಗೆ ಅದರ ಲಕ್ಷಣವನ್ನು ನಿರೂಪಿಸಹೊರಡುವುದು ಬಹುಕಾಲದ ವಾಡಿಕೆ. ಕಾದಂಬರಿಯನ್ನು ಓದುವುದು ಕಾಲಹರಣವೆಂದು ಮನೆಯ ಹಿರಿಯರು ಮಕ್ಕಳ ಕೈಯಿಂದ ಪುಸ್ತಕವನ್ನು ಕಿತ್ತುಕೊಳ್ಳುತ್ತಿದ್ದ ಕಾಲವೊಂದಿತ್ತು. ಆ ಕಾದಂಬರಿಯೇ ಇಂದು ಪದವಿ ತರಗತಿಗಳ ಪಠ್ಯವಾಗಿದೆ. ಈಗ ಆ ಸರದಿ ವ್ಲಾಗಿಗೆ ಬಂದಂತಿದೆ. ಊಟದ ಮನೆಯಲ್ಲಿ, ಬಸ್ಸಿನಲ್ಲಿ, ವೈದ್ಯರ ಬಾಗಿಲಲ್ಲಿ ಕಾದು ಕುಳಿತ ಹೊತ್ತಿನಲ್ಲಿ ಲಕ್ಷಾಂತರ ಜನರು ಅಂಗೈಯಗಲದ ಗಾಜಿನ ಮೇಲೆ ಯಾರದೋ ಮನೆಯ ಬೆಳಗನ್ನೂ ಯಾರದೋ ಪ್ರಯಾಣವನ್ನೂ ನೋಡುತ್ತಿರುತ್ತಾರೆ. ಇಷ್ಟು ಜನರ ಇಷ್ಟು ಹೊತ್ತನ್ನು ತೆಗೆದುಕೊಳ್ಳುವ ವಸ್ತುವನ್ನು ವಿಮರ್ಶೆಯು ನೋಡಿಯೂ ನೋಡದಂತೆ ಇರುವುದು ಯುಕ್ತವಲ್ಲ.

ವ್ಯಕ್ತಿಯೊಬ್ಬನು ಕ್ಯಾಮೆರಾವನ್ನು ತನ್ನ ಕಡೆಗೆ ತಿರುಗಿಸಿಕೊಂಡು, ತಾನು ಕಂಡುಂಡುದನ್ನೂ ತನ್ನ ದಿನದ ನಡೆನುಡಿಗಳನ್ನೂ ನೋಡುವವರಿಗೆ ನೇರವಾಗಿ ಹೇಳುತ್ತ, ಅದನ್ನು ಯೂಟ್ಯೂಬ್ ಮೊದಲಾದ ತಾಣಗಳಲ್ಲಿ ಪ್ರಕಟಿಸುವ ದೃಶ್ಯದಿನಚರಿಗೆ ವ್ಲಾಗ್ ಎಂದು ಹೆಸರು. 'ವಿಡಿಯೊ' ಮತ್ತು 'ಬ್ಲಾಗ್' ಎಂಬೆರಡು ಮಾತುಗಳು ಬೆರೆತು ಈ ಶಬ್ದ ಹುಟ್ಟಿತು. ಇದರ ವಿಷಯದಲ್ಲಿ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಇದು ಸಾಮಾನ್ಯ ಮನುಷ್ಯನಿಗೆ ದೊರೆತ ಮೊದಲ ವೇದಿಕೆಯೆಂದು ತರುಣರು ಹೇಳುತ್ತಾರೆ. ಇದು ಆತ್ಮಪ್ರದರ್ಶನದ ಚಟವೆಂದು ಹಿರಿಯರು ಹೇಳುತ್ತಾರೆ. ಎರಡು ಮಾತೂ ಪ್ರಕಾರವನ್ನು ಹೊರಗಿನಿಂದ ನೋಡಿ ಆಡಿದವು. ವ್ಲಾಗು ನೋಡುಗನಿಗೆ ಕೊಡುವ ಮಾತು ಯಾವುದು, ಆ ಮಾತನ್ನು ಅದು ಉಳಿಸಿಕೊಳ್ಳುತ್ತದೆಯೇ ಎಂದು ವಿಚಾರಿಸಿದಲ್ಲಿ ಮಾತ್ರ ಅದರ ಬೆಲೆ ಗೊತ್ತಾದೀತು.

೨

ತನ್ನ ದಿನವನ್ನು ತಾನೇ ದಾಖಲೆ ಮಾಡುವ ಹಂಬಲ ಹೊಸದಲ್ಲ. ಮುಂದೆ ಪುದುಚೇರಿಯಲ್ಲಿ ಫ್ರೆಂಚ್ ಗವರ್ನರ್ ಡೂಪ್ಲೆಯ ದುಭಾಷಿಯಾದ ಆನಂದರಂಗ ಪಿಳ್ಳೆಯು ೧೭೩೬ರಿಂದ ೧೭೬೧ರವರೆಗೆ ತಮಿಳಿನಲ್ಲಿ ದಿನಚರಿಯನ್ನು ಬರೆದಿಟ್ಟನು. ಹಡಗುಗಳ ಬರವು, ವ್ಯಾಪಾರದ ಏರಿಳಿತ, ಕೋಟೆಯೊಳಗಿನ ಒಳಸಂಚು ಇವೆಲ್ಲವೂ ಅದರಲ್ಲಿ ಉಂಟು; ದಕ್ಷಿಣ ಭಾರತದ ಚರಿತ್ರೆಯನ್ನು ಬರೆಯುವವರು ಇಂದಿಗೂ ಅದನ್ನು ತೆರೆದು ನೋಡಬೇಕಾಗುತ್ತದೆ. ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸನು ೧೬೬೦ರಿಂದ ೧೬೬೯ರವರೆಗೆ ಶೀಘ್ರಲಿಪಿಯಲ್ಲಿ ಬರೆದ ದಿನಚರಿ ೧೮೨೫ರಲ್ಲಿ ಮೊದಲಬಾರಿಗೆ ಅಚ್ಚಾಯಿತು. ಆಗ್ರಾದ ಜೈನ ವ್ಯಾಪಾರಿ ಬನಾರಸೀದಾಸನಾದರೋ ೧೬೪೧ರಲ್ಲಿಯೇ ತನ್ನ ಐವತ್ತೈದು ವರುಷಗಳ ಬಾಳನ್ನು 'ಅರ್ಧಕಥಾನಕ'ವೆಂಬ ಪದ್ಯಗ್ರಂಥವಾಗಿ ಬರೆದು, ವ್ಯಾಪಾರದಲ್ಲಿ ತಾನು ಪಟ್ಟ ನಷ್ಟಗಳನ್ನೂ ತನ್ನ ದೌರ್ಬಲ್ಯಗಳನ್ನೂ ಮರೆಮಾಚದೆ ಹೇಳಿಕೊಂಡನು.

ಇವರಿಗೂ ಇಂದಿನ ವ್ಲಾಗರಿಗೂ ನಡುವೆ ಇರುವ ಅಂತರ ಮುಖ್ಯವಾಗಿ ಕಾಲದ್ದು. ಪೀಪ್ಸನ ಬರೆಹಕ್ಕೂ ಅದರ ಪ್ರಕಟಣೆಗೂ ನಡುವೆ ಒಂದೂವರೆ ಶತಮಾನ ಕಳೆದಿತ್ತು. ಬನಾರಸೀದಾಸನು ಅರ್ಧಶತಮಾನ ಬಾಳಿದ ಮೇಲೆ ಲೇಖನಿ ಹಿಡಿದನು. ವ್ಲಾಗಿನಲ್ಲಿ ಬೆಳಗಿನ ಸಂಗತಿ ಸಂಜೆಗೆ ಲೋಕದ ಮುಂದೆ ಇರುತ್ತದೆ. ಬಾಳಿಗೂ ಕಥನಕ್ಕೂ ನಡುವೆ ಇದ್ದ ಬಿಡುವು ಇಲ್ಲವಾಯಿತು. ಈ ಪ್ರಕಾರದ ಚೆಲುವೂ ಅಪಾಯವೂ ಎರಡೂ ಇಲ್ಲಿಂದಲೇ ಹೊರಡುತ್ತವೆ.

೧೯೮೦ರ ದಶಕದಲ್ಲಿ ನ್ಯೂಯಾರ್ಕಿನ ನೆಲ್ಸನ್ ಸಲಿವನ್ ಎಂಬಾತನು ಭಾರವಾದ ವಿಡಿಯೊ ಯಂತ್ರವನ್ನು ಹೊತ್ತು, ಅದನ್ನು ತನ್ನತ್ತ ತಿರುಗಿಸಿಕೊಂಡು, ನಗರದ ಬೀದಿಗಳಲ್ಲಿ ಮಾತನಾಡುತ್ತ ನಡೆಯುತ್ತಿದ್ದನು. ೧೯೮೯ರಲ್ಲಿ ಅವನು ತೀರಿಕೊಂಡಾಗ ಅವನ ಸುರುಳಿಗಳನ್ನು ಲೋಕಕ್ಕೆ ತೋರಿಸಬಲ್ಲ ಸಾಧನವೇ ಇರಲಿಲ್ಲ. ಆ ಸಾಧನ ೨೦೦೫ರಲ್ಲಿ ಬಂದಿತು. ಆ ವರುಷದ ಏಪ್ರಿಲ್ ೨೩ರಂದು ಯೂಟ್ಯೂಬಿನ ಸ್ಥಾಪಕರಲ್ಲಿ ಒಬ್ಬನಾದ ಜಾವೇದ್ ಕರೀಂ, ಸ್ಯಾನ್ ಡೀಗೋ ನಗರದ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು ಅವುಗಳ ಸೊಂಡಿಲು ಉದ್ದವಾಗಿರುವುದನ್ನು ಕುರಿತು ನಾಲ್ಕು ಮಾತನಾಡಿದ ೧೯ ಸೆಕೆಂಡುಗಳ ಚಿತ್ರವು ಆ ತಾಣದಲ್ಲಿ ಮೊಟ್ಟಮೊದಲಿಗೆ ಪ್ರಕಟವಾಯಿತು. ಅದರಲ್ಲಿ ಹೇಳತಕ್ಕ ಸಂಗತಿ ಏನೂ ಇಲ್ಲ. ಆದರೆ ಮುಂದೆ ಬಂದ ಕೋಟ್ಯಂತರ ವ್ಲಾಗುಗಳ ಆಕಾರವೆಲ್ಲ ಅದರಲ್ಲಿ ಅಡಗಿದೆ: ಒಬ್ಬ ಮನುಷ್ಯ, ಒಂದು ಸ್ಥಳ, ನೋಡುವವನನ್ನು ಗೆಳೆಯನೆಂದು ಭಾವಿಸಿದ ಸಲುಗೆಯ ಮಾತು.

ಭಾರತದಲ್ಲಿ ಇದು ಮನೆಮನೆಗೆ ಹರಡಲು ಅಗ್ಗದ ಮೊಬೈಲೂ, ೨೦೧೬ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾದ ಮೇಲೆ ಕುಸಿದ ಅಂತರಜಾಲದ ದರವೂ ಕಾರಣಗಳಾದುವು. ಆದರೆ ಅಗ್ಗವಾದುದೆಲ್ಲ ಜನಪ್ರಿಯವಾಗುವುದಿಲ್ಲ. ಕೂಡುಮನೆಗಳು ಒಡೆದು, ಅಕ್ಕಪಕ್ಕದವರ ಗುರುತು ತಪ್ಪಿ, ಮಕ್ಕಳು ದೂರದ ಊರುಗಳಲ್ಲಿ ನೆಲಸಿದ ಮೇಲೆ, ಸಂಜೆಯ ಹೊತ್ತು ಜಗುಲಿಯ ಮೇಲೆ ಕುಳಿತು ಹರಟುವವರು ಇಲ್ಲವಾದರು. ಆ ಜಗುಲಿಯ ಜಾಗದಲ್ಲಿ ಬಂದು ಕುಳಿತವನು ವ್ಲಾಗರು. ಅವನು ದಿನವೂ ಬರುತ್ತಾನೆ, ಹೆಸರು ಹೇಳಿಕೊಳ್ಳುತ್ತಾನೆ, ತನ್ನ ಮನೆಯಲ್ಲಿ ಏನು ಅಡಿಗೆಯಾಯಿತೆಂದು ತಿಳಿಸುತ್ತಾನೆ. ನೋಡುವವರಿಗೆ ಅವನು ಪರಿಚಿತನು. ಅವನಿಗೆ ನೋಡುವವರು ಪರಿಚಿತರಲ್ಲ. ಈ ಒಮ್ಮುಖವಾದ ಸ್ನೇಹ ವ್ಲಾಗಿನ ಜನಪ್ರಿಯತೆಯ ಮೂಲ.

೩

೨೦೦೬ರಲ್ಲಿ ನಡೆದ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ಪ್ರಕಾರದ ಲಕ್ಷಣ ತಾನಾಗಿಯೇ ತಿಳಿಯುತ್ತದೆ.

ಆ ವರುಷದ ಜೂನಿನಲ್ಲಿ 'ಲೋನ್ಲಿಗರ್ಲ್ ೧೫' ಎಂಬ ಹೆಸರಿನಿಂದ, ಬ್ರೀ ಎಂಬ ಹದಿನಾರರ ಹುಡುಗಿಯೊಬ್ಬಳು ತನ್ನ ಕೋಣೆಯಲ್ಲಿ ಕುಳಿತು ತಂದೆತಾಯಿಗಳ ಕಟ್ಟುನಿಟ್ಟನ್ನೂ ತನ್ನ ಬೇಸರಗಳನ್ನೂ ಹೇಳಿಕೊಳ್ಳತೊಡಗಿದಳು. ಸಾವಿರಾರು ಜನರು ಅವಳ ಸುಖದುಃಖಗಳಲ್ಲಿ ಭಾಗಿಗಳಾದರು. ಸೆಪ್ಟೆಂಬರಿನಲ್ಲಿ ನಿಜ ಹೊರಬಿದ್ದಿತು: ಬ್ರೀ ಎಂಬವಳು ಇರಲಿಲ್ಲ, ಜೆಸಿಕಾ ರೋಸ್ ಎಂಬ ನಟಿ, ಬರೆದುಕೊಟ್ಟ ಮಾತುಗಳನ್ನು ಆಡುತ್ತಿದ್ದಳು. ನೋಡುಗರಲ್ಲಿ ಅನೇಕರು ಮೋಸಹೋದೆವೆಂದು ಕೋಪಗೊಂಡರು. ಕಾದಂಬರಿಯ ನಾಯಕಿ ನಿಜವಾಗಿ ಇರಲಿಲ್ಲವೆಂದು ಯಾವ ವಾಚಕನೂ ಕೋಪಿಸಿಕೊಳ್ಳುವುದಿಲ್ಲವಷ್ಟೆ. ಹಾಗಾದರೆ ಇಲ್ಲಿ ಕೋಪವೇಕೆ?

ಅದೇ ವರುಷದ ಆಗಸ್ಟಿನಲ್ಲಿ ಇಂಗ್ಲೆಂಡಿನ ಪೀಟರ್ ಓಕ್ಲಿ ಎಂಬ ವೃದ್ಧನು, ಎಪ್ಪತ್ತೊಂಬತ್ತಕ್ಕೆ ಕಾಲಿಡುತ್ತಿದ್ದವನು, 'ಜೆರಿಯಾಟ್ರಿಕ್ ೧೯೨೭' ಎಂಬ ಹೆಸರಿಟ್ಟುಕೊಂಡು ಗಣಕಯಂತ್ರದ ಮುಂದೆ ಕುಳಿತನು. ೧೯೨೭ ಅವನು ಹುಟ್ಟಿದ ವರುಷ. ಪತ್ನಿಯನ್ನು ಕಳೆದುಕೊಂಡು ಒಂಟಿಯಾಗಿದ್ದ ಆತ, ಅಂಜುತ್ತಂಜುತ್ತ ಮಾತನ್ನು ಆರಂಭಿಸಿ, ಮುಂದೆ ತನ್ನ ಬಾಳಿನ ಕಥೆಯನ್ನು ಕಂತುಕಂತಾಗಿ ಹೇಳಿದನು. ಕೆಲವೇ ವಾರಗಳಲ್ಲಿ ಯೂಟ್ಯೂಬಿನಲ್ಲಿ ಅತ್ಯಂತ ಹೆಚ್ಚು ಚಂದಾದಾರರುಳ್ಳವನೆಂಬ ಖ್ಯಾತಿ ಅವನದಾಯಿತು. ಅವನ ಚಿತ್ರಗಳಲ್ಲಿ ಸಾಹಸವಿಲ್ಲ, ದೃಶ್ಯವೈಭವವಿಲ್ಲ. ಮುದುಕನೊಬ್ಬನು ಕುರ್ಚಿಯಲ್ಲಿ ಕುಳಿತು ಮೆಲ್ಲಗೆ ಮಾತನಾಡುತ್ತಾನೆ. ಎಂಟು ವರುಷಕ್ಕೆ ಹತ್ತಿರವಾಗಿ ಹಾಗೆ ಮಾತನಾಡಿ, ೨೦೧೪ರ ಆರಂಭದಲ್ಲಿ, ಗುಣವಾಗದ ರೋಗವೆಂದು ತಿಳಿದ ಮೇಲೆ, ನೋಡುಗರಿಗೆ ವಿದಾಯ ಹೇಳಿ, ಮಾರ್ಚಿನಲ್ಲಿ ತೀರಿಕೊಂಡನು.

ಈ ಎರಡರಲ್ಲಿಯೂ ನೋಡುಗರು ಒಂದೇ ಒಡಂಬಡಿಕೆಯನ್ನು ನಂಬಿ ಬಂದಿದ್ದರು. ಆತ್ಮಕಥೆಯನ್ನು ಕುರಿತು ಫ್ರೆಂಚ್ ವಿಮರ್ಶಕ ಫಿಲಿಪ್ ಲೆಜ್ಯೂನ್ ೧೯೭೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವಿಚಾರ ಬರುತ್ತದೆ: ಬರೆದವನೂ ಹೇಳುವವನೂ ಕಥೆಯೊಳಗಿನವನೂ ಒಬ್ಬನೇ ಎಂದು ಲೇಖಕನು ವಾಚಕನಿಗೆ ಕೊಡುವ ಭರವಸೆಯೇ ಆತ್ಮಕಥೆಯ ಆಧಾರ. ವ್ಲಾಗಿನಲ್ಲಿ ಈ ಒಡಂಬಡಿಕೆ ಇನ್ನೂ ಬಿಗಿಯಾದುದು. ಮುಖ ಕಾಣುತ್ತದೆ, ದನಿ ಕೇಳುತ್ತದೆ. ಹೇಳುತ್ತಿರುವವನೇ ಬಾಳಿದವನು ಎಂಬ ಮಾತನ್ನು ಕೊಡದೆ ವ್ಲಾಗು ಆರಂಭವಾಗಲಾರದು. ಬ್ರೀಯ ಕಥೆ ಆ ಮಾತನ್ನು ಮುರಿಯಿತು. ಓಕ್ಲಿ ಅದನ್ನು ಕಡೆಯ ದಿನದವರೆಗೆ ನಡೆಸಿದನು.

ಆದರೆ ನಿಜವಾಗಿದ್ದ ಮಾತ್ರಕ್ಕೆ ಬೆಲೆಯುಳ್ಳದ್ದಾಯಿತೆಂದು ಹೇಳುವಂತಿಲ್ಲ. ಹಲ್ಲುಜ್ಜಿದುದೂ ಕಾಫಿ ಕುಡಿದುದೂ ನಿಜವೇ. ಅದನ್ನು ಇನ್ನೊಬ್ಬನು ಏಕೆ ನೋಡಬೇಕು? ಭಾರತೀಯ ಕಾವ್ಯಮೀಮಾಂಸೆಯಲ್ಲಿ ಭಟ್ಟನಾಯಕನು ಸಾಧಾರಣೀಕರಣವೆಂದು ಕರೆದ ತತ್ತ್ವವು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಬ್ಬ ವ್ಯಕ್ತಿಯ ಭಾವವು ಅವನೊಬ್ಬನದಾಗಿಯೇ ಉಳಿದರೆ ಅದರಿಂದ ರಸವು ಹುಟ್ಟದು. ಅದು ಎಲ್ಲರಿಗೂ ಸಲ್ಲುವ ಭಾವವಾಗಿ ಮಾರ್ಪಟ್ಟಾಗ ಮಾತ್ರ ಸಹೃದಯನು ಅದನ್ನು ಆಸ್ವಾದಿಸಬಲ್ಲನು. ಓಕ್ಲಿಯ ಮಾತು ಅವನೊಬ್ಬನ ಬಾಳನ್ನು ಹೇಳುತ್ತಿದ್ದರೂ ಅದನ್ನು ಕೇಳಿದವರು ತಮ್ಮ ತಮ್ಮ ಮನೆಯ ಅಜ್ಜಂದಿರನ್ನು ನೆನೆದರು. ತಾವು ಎಂದೂ ಕೇಳದೆ ಹೋದ ಅವರ ಬಾಲ್ಯವನ್ನು ನೆನೆದರು. ಮುಪ್ಪು, ಒಂಟಿತನ, ಹೇಳಿಕೊಳ್ಳುವ ಆಸೆ ಇವು ಯಾವ ಒಬ್ಬನ ಸೊತ್ತೂ ಅಲ್ಲ. ಇದನ್ನು ಸಾಧಿಸಲು ಅವನು ಯಾವ ತಂತ್ರವನ್ನೂ ಹೂಡಲಿಲ್ಲ. ಬಾಳಿ ಮುಗಿದುದನ್ನು, ನೆನಪಿನಲ್ಲಿ ಸೋಸಿ, ಬೇಕಾದಷ್ಟನ್ನು ಮಾತ್ರ ಹೇಳಿದನು. ಕಾಲವು ಕಿತ್ತುಕೊಂಡಿದ್ದ ಬಿಡುವನ್ನು ಅವನ ವಯಸ್ಸು ಮರಳಿ ತಂದುಕೊಟ್ಟಿತ್ತು.

೪

ಈ ಅಳತೆಗೋಲನ್ನು ಹಿಡಿದು ಕನ್ನಡದ ವ್ಲಾಗುಗಳನ್ನು ನೋಡಬಹುದು.

ಅವುಗಳ ಮೊದಲ ಗುಣ ಭಾಷೆಯದು. ಅಚ್ಚಿನ ಕನ್ನಡವು ಒಂದೂವರೆ ಶತಮಾನದ ಅವಧಿಯಲ್ಲಿ ಶಿಷ್ಟರೂಪವನ್ನು ತಾಳುತ್ತ ಬಂದಿತು. ಪತ್ರಿಕೆ, ಪಠ್ಯಪುಸ್ತಕ, ಆಕಾಶವಾಣಿ ಇವೆಲ್ಲವೂ ಒಂದೇ ನುಡಿಯನ್ನು ಆಡಿದುವು. ಕುಂದಾಪುರದ ಮಾತು, ಹವ್ಯಕರ ಮನೆಮಾತು, ಧಾರವಾಡ ವಿಜಯಪುರಗಳ ಕಡೆಯ ಬೀಸುನುಡಿ, ಕೋಲಾರದ ಕಡೆಯ ತೆಲುಗು ಬೆರೆತ ಕನ್ನಡ ಇವು ಪುಸ್ತಕದಲ್ಲಿ ಬಂದರೆ ಪಾತ್ರದ ಬಾಯಲ್ಲಿ, ಬಹುಮಟ್ಟಿಗೆ ಹಾಸ್ಯಕ್ಕಾಗಿ ಬರುತ್ತಿದ್ದುವು. ವ್ಲಾಗಿನಲ್ಲಿ ಅವು ಕಥನದ ಭಾಷೆಯಾಗಿವೆ. ಮಲೆನಾಡಿನ ಗೃಹಿಣಿ ಕೆಸುವಿನೆಲೆಯ ಪತ್ರೊಡೆಯನ್ನು ಕಟ್ಟುತ್ತ ತನ್ನ ಮಾತಿನಲ್ಲಿಯೇ ವಿವರಿಸುತ್ತಾಳೆ. ಬಯಲುಸೀಮೆಯ ರೈತನು ಜೋಳದ ಹೊಲದ ಬದುವಿನಲ್ಲಿ ನಿಂತು ತನ್ನ ಮಾತಿನಲ್ಲಿಯೇ ಮಳೆಯನ್ನು ಕುರಿತು ನಿಟ್ಟುಸಿರು ಬಿಡುತ್ತಾನೆ. ಬರೆದು ರೂಢಿಯಿಲ್ಲದವರೂ ಇಲ್ಲಿ ಕಥೆಗಾರರಾಗಬಲ್ಲರು. ನೆರೆಯ ಆಂಧ್ರದಲ್ಲಿ ಮಸ್ತಾನಮ್ಮನೆಂಬ ವೃದ್ಧೆ, ವಯಸ್ಸು ನೂರನ್ನು ದಾಟಿತೆಂದು ಹೆಸರಾದಾಕೆ, ಹೊಲದಂಚಿನಲ್ಲಿ ಸೌದೆಯ ಒಲೆಯ ಮುಂದೆ ಕುಳಿತು ಅಡಿಗೆ ಮಾಡುವುದನ್ನು ಆಕೆಯ ಮರಿಮೊಮ್ಮಗನು ಚಿತ್ರಿಸಿ ಪ್ರಕಟಿಸಿದುದು ದೇಶಾಂತರಗಳಲ್ಲಿ ಪ್ರಸಿದ್ಧವಾಯಿತು. ೨೦೧೮ರಲ್ಲಿ ಆಕೆ ತೀರಿಕೊಂಡಾಗ ದೂರದೇಶದ ಪತ್ರಿಕೆಗಳೂ ಆ ಸುದ್ದಿಯನ್ನು ಬರೆದುವು. ಆಕೆಯಂತಹವರ ಕೈಚಳಕವನ್ನೂ ಗದರಿಕೆಯನ್ನೂ ನಗೆಯನ್ನೂ ಯಾವ ಪಾಕಶಾಸ್ತ್ರದ ಪುಸ್ತಕವೂ ಹಿಡಿದಿಡುತ್ತಿರಲಿಲ್ಲ.

ಪ್ರವಾಸದ ವ್ಲಾಗುಗಳು ಕನ್ನಡದಲ್ಲಿ ಬಹಳ ಜನಪ್ರಿಯವಾದುವು. 'ಡಾ. ಬ್ರೋ' ಎಂಬ ಹೆಸರಿನಿಂದ ಪ್ರಸಿದ್ಧನಾದ ಗಗನ್ ಶ್ರೀನಿವಾಸ್ ಎಂಬ ತರುಣನು 'ನಮಸ್ಕಾರ ದೇವ್ರು' ಎಂದು ಕೈಮುಗಿದು ಮಾತನ್ನು ಆರಂಭಿಸಿ, ಅಫ್ಘಾನಿಸ್ತಾನ ರಷ್ಯಗಳಂತಹ ದೂರದ ನಾಡುಗಳನ್ನು ಬೆಂಗಳೂರಿನ ಸುತ್ತಿನ ಆಡುಗನ್ನಡದಲ್ಲಿ ತೋರಿಸಿದನು. ನೋಡುವವನನ್ನು 'ದೇವ್ರು' ಎಂದು ಕರೆಯುವ ಆ ಸಂಬೋಧನೆಯಲ್ಲಿಯೇ ಅವನ ಯಶಸ್ಸಿನ ಅರ್ಧಭಾಗವಿದೆ. ಅದು ಅಂಗಡಿಯ ಮುಂದೆ, ಹೊಲದ ಬಳಿ ಒಬ್ಬರನ್ನೊಬ್ಬರು ಕರೆಯುವ ಸಲುಗೆಯ ಮಾತು. ಅದರಲ್ಲಿ ಗೌರವವೂ ಉಂಟು, ನಗೆಯೂ ಉಂಟು. ಹಳ್ಳಿಯ ಹುಡುಗರೂ ಅವರ ಅಜ್ಜಿಯರೂ ಒಟ್ಟಿಗೆ ಕುಳಿತು ಪರದೇಶದ ಸಂತೆಯನ್ನು ಕನ್ನಡದಲ್ಲಿ ನೋಡುವುದು ಸಣ್ಣ ಸಂಗತಿಯಲ್ಲ.

ಆದರೂ ಪ್ರವಾಸದ ವ್ಲಾಗುಗಳ ದೊಡ್ಡ ಗುಂಪನ್ನು ಒಟ್ಟಾಗಿ ತೆಗೆದುಕೊಂಡರೆ ಕೊರತೆಯೊಂದು ಎದ್ದು ತೋರುತ್ತದೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಮುಪ್ಪಿನಲ್ಲಿ ಅಮೆರಿಕಕ್ಕೆ ಹೋಗಿಬಂದು ಬರೆದ 'ಅಮೆರಿಕದಲ್ಲಿ ಗೊರೂರು' ಎಂಬ ಗ್ರಂಥಕ್ಕೆ ೧೯೮೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಗೊರೂರು ಎಂಬುದು ಲೇಖಕರ ಹೆಸರೂ ಹೌದು, ಹಾಸನ ಜಿಲ್ಲೆಯ ಒಂದು ಹಳ್ಳಿಯ ಹೆಸರೂ ಹೌದು. ಅಮೆರಿಕವನ್ನು ಕಂಡದ್ದು ಆ ಹಳ್ಳಿಯ ಕಣ್ಣು; ಕಂಡುದರ ಪಕ್ಕದಲ್ಲಿ ಕಾಣದೆ ಬಿಟ್ಟು ಬಂದುದನ್ನು ಇಟ್ಟು ತೂಗುವ ಬುದ್ಧಿ ಅಲ್ಲಿ ಉಂಟು. ವ್ಲಾಗಿನ ಪ್ರವಾಸಿಯು ಬಹುಮಟ್ಟಿಗೆ ಬೆರಗನ್ನು ತೋರಿಸುತ್ತಾನೆ; ತೂಗಿ ನೋಡುವುದಕ್ಕೆ ಅವನಿಗೆ ಹೊತ್ತಿರುವುದಿಲ್ಲ. ಕಟ್ಟಡ ದೊಡ್ಡದು, ಊಟ ಅಗ್ಗ, ಜನ ಒಳ್ಳೆಯವರು ಎಂಬಲ್ಲಿಗೆ ಒಂದು ದೇಶ ಮುಗಿಯುತ್ತದೆ. ಇದು ತರುಣರ ದೋಷವೆನ್ನುವುದಕ್ಕಿಂತ, ಅವರು ದುಡಿಯುತ್ತಿರುವ ಯಂತ್ರದ ದೋಷವೆನ್ನುವುದು ನ್ಯಾಯ.

೫

ಆ ಯಂತ್ರದ ಗತಿಯನ್ನು ತಿಳಿಯದೆ ವ್ಲಾಗನ್ನು ವಿಮರ್ಶಿಸುವುದು, ಅಚ್ಚಿನ ಮನೆಯನ್ನು ತಿಳಿಯದೆ ಪತ್ರಿಕೆಯನ್ನು ವಿಮರ್ಶಿಸಿದಂತೆ. ದೀರ್ಘವಾದ ಚಿತ್ರಗಳ ನಡುವೆ ತೋರಿಸುವ ಜಾಹೀರಾತಿನ ವರಮಾನದಲ್ಲಿ ನೂರಕ್ಕೆ ೫೫ ಪಾಲನ್ನು ಯೂಟ್ಯೂಬ್ ಚಿತ್ರ ಮಾಡಿದವನಿಗೆ ಕೊಡುತ್ತದೆ. ಆ ಪಾಲು ಸಲ್ಲಬೇಕಾದರೆ ೧,೦೦೦ ಚಂದಾದಾರರೂ ಹಿಂದಿನ ೧೨ ತಿಂಗಳುಗಳಲ್ಲಿ ೪,೦೦೦ ಗಂಟೆಗಳ ವೀಕ್ಷಣೆಯೂ ಇರತಕ್ಕದ್ದೆಂದು ೨೦೧೮ರಲ್ಲಿ ನಿಯಮವಾಯಿತು. ಅದಕ್ಕೂ ಮೊದಲು, ೨೦೧೨ರಲ್ಲಿ, ಯಾವ ಚಿತ್ರವನ್ನು ಯಾರಿಗೆ ತೋರಿಸಬೇಕೆಂದು ಗೊತ್ತುಮಾಡುವ ಕ್ರಮವೇ ಬದಲಾಗಿತ್ತು: ಎಷ್ಟು ಜನ ತೆರೆದರೆಂಬುದಕ್ಕಿಂತ ಎಷ್ಟು ಹೊತ್ತು ನೋಡಿದರೆಂಬುದು ಮುಖ್ಯವಾಯಿತು. ಚಿತ್ರದ ನಡುವೆ ಜಾಹೀರಾತನ್ನು ಸೇರಿಸಲು ಮೊದಲು ೧೦ ನಿಮಿಷಗಳ ಉದ್ದ ಬೇಕಾಗಿತ್ತು. ೨೦೨೦ರ ಜುಲೈಯಲ್ಲಿ ಅದನ್ನು ೮ ನಿಮಿಷಕ್ಕೆ ಇಳಿಸಲಾಯಿತು.

ಈ ಅಂಕಿಗಳು ಒಣ ಲೆಕ್ಕವೆಂದು ವಾಚಕರು ತಿಳಿಯಬಾರದು. ಛಂದಸ್ಸು ಪದ್ಯವನ್ನು ಆಳುವಂತೆ ಇವು ವ್ಲಾಗನ್ನು ಆಳುತ್ತವೆ. ಮೂರು ನಿಮಿಷದಲ್ಲಿ ಮುಗಿಯುವ ಸಂಗತಿ ಎಂಟು ನಿಮಿಷಕ್ಕೆ ಹಿಗ್ಗುವುದು ಇದರಿಂದ. ಮೊದಲ ಕ್ಷಣದಲ್ಲಿಯೇ 'ಕಡೆಗೆ ಏನಾಯಿತು ನೋಡಿ' ಎಂದು ಆಸೆಹುಟ್ಟಿಸಿ, ಆ ಕಡೆಯನ್ನು ಮುಂದಕ್ಕೆ ಮುಂದಕ್ಕೆ ನೂಕುವುದು ಇದರಿಂದ. ಮುಖಚಿತ್ರದ ಮೇಲೆ ಬಾಯಿತೆರೆದ ಮುಖ, ಕೆಂಪು ಬಾಣ, 'ಅಳುವೇ ಬಂತು' ಎಂಬ ದೊಡ್ಡ ಅಕ್ಷರಗಳು ಇರುವುದೂ ಇದರಿಂದಲೇ.

ಎಲ್ಲಕ್ಕಿಂತ ದೊಡ್ಡ ನಿರ್ಬಂಧ ನಿಯತವಾಗಿ ಪ್ರಕಟಿಸುತ್ತಿರಬೇಕೆಂಬುದು. ನ್ಯೂಯಾರ್ಕಿನ ಕೇಸಿ ನೈಸ್ಟ್ಯಾಟನು ೨೦೧೫ರ ಮಾರ್ಚಿನಲ್ಲಿ ದಿನಕ್ಕೊಂದರಂತೆ ವ್ಲಾಗನ್ನು ಪ್ರಕಟಿಸತೊಡಗಿ ಆ ಪ್ರಕಾರಕ್ಕೆ ಚಲಚ್ಚಿತ್ರದ ಚುರುಕನ್ನು ತಂದುಕೊಟ್ಟನು. ಅವನ ಜಾಣ್ಮೆಯನ್ನು ಅನುಕರಿಸಿದವರು ಲೋಕದಲ್ಲೆಲ್ಲ ಇದ್ದಾರೆ. ಅಂತಹವನೂ ೨೦೧೬ರ ನವೆಂಬರಿನಲ್ಲಿ ಆ ದಿನನಿತ್ಯದ ಕ್ರಮವನ್ನು ನಿಲ್ಲಿಸಿದನು. ಪ್ರತಿದಿನವೂ ಹೇಳತಕ್ಕ ಸಂಗತಿ ಯಾರ ಬಾಳಿನಲ್ಲಿಯೂ ನಡೆಯುವುದಿಲ್ಲ. ನಡೆಯದ ದಿನ ಏನು ಮಾಡಬೇಕು? ಒಂದೋ ಸುಮ್ಮನಿರಬೇಕು, ಅಥವಾ ನಡೆಯುವಂತೆ ಮಾಡಬೇಕು. ಸುಮ್ಮನಿದ್ದವನನ್ನು ಯಂತ್ರ ಮರೆಯುತ್ತದೆ. ಆದುದರಿಂದ ಹಬ್ಬವನ್ನು ಚಿತ್ರಕ್ಕಾಗಿ ಆಚರಿಸುವುದು, ಪ್ರಯಾಣವನ್ನು ಚಿತ್ರಕ್ಕಾಗಿ ಕೈಕೊಳ್ಳುವುದು, ಜಗಳವನ್ನು ಚಿತ್ರಕ್ಕಾಗಿ ಆಡುವುದು ಆರಂಭವಾಗುತ್ತದೆ. ಇಲ್ಲಿ ಸುಳ್ಳು ಹೇಳಿದಂತಾಗಲಿಲ್ಲ; ಹಬ್ಬ ನಡೆದದ್ದು ನಿಜ, ಜಗಳವೂ ನಿಜ. ಆದರೆ ಹೇಳುವವನೇ ಬಾಳಿದವನು ಎಂಬ ಒಡಂಬಡಿಕೆ ಒಳಗಿನಿಂದ ಟೊಳ್ಳಾಯಿತು. ಹೇಳುವುದಕ್ಕಾಗಿ ಬಾಳಿದ ಬಾಳು ಅದು. ದಿನಚರಿಯು ಬದುಕನ್ನು ಹಿಂಬಾಲಿಸಬೇಕಾಗಿತ್ತು. ಬದುಕು ದಿನಚರಿಯ ಹಿಂದೆ ನಡೆಯತೊಡಗಿತು.

ನಿಯಮವಿದ್ದ ಮಾತ್ರಕ್ಕೆ ಕಲೆ ಕೆಡಲೇಬೇಕೆಂದಿಲ್ಲವೆಂಬುದನ್ನೂ ಹೇಳಬೇಕು. ಅಮೆರಿಕದ ಲೇಖಕ ಜಾನ್ ಗ್ರೀನ್ ಮತ್ತು ಅವನ ತಮ್ಮ ಹ್ಯಾಂಕ್ ಗ್ರೀನ್ ೨೦೦೭ರ ಜನವರಿ ೧ರಂದು ಒಂದು ನೇಮವನ್ನು ಹಿಡಿದರು: ಒಂದು ವರುಷದವರೆಗೆ ಒಬ್ಬರಿಗೊಬ್ಬರು ಬರೆಹದಲ್ಲಿ ಏನನ್ನೂ ತಿಳಿಸಬಾರದು, ವಾರದ ದಿನಗಳಲ್ಲಿ ಸರದಿಯಂತೆ ಒಬ್ಬನು ಮತ್ತೊಬ್ಬನಿಗೆ ಚಿತ್ರದ ಮೂಲಕ ಮಾತನಾಡಬೇಕು. ಲೋಕವೆಲ್ಲ ನೋಡುತ್ತಿದ್ದರೂ ಆ ಮಾತು ಅಣ್ಣ ತಮ್ಮನಿಗೆ, ತಮ್ಮ ಅಣ್ಣನಿಗೆ ಆಡಿದ್ದು. ಕೇಳುವವನು ಒಬ್ಬನಿದ್ದನು, ಅವನು ಹೇಳುವವನ ಬಾಲ್ಯವನ್ನು ಬಲ್ಲವನು, ಅವನ ಮುಂದೆ ನಟಿಸಿ ದಕ್ಕಿಸಿಕೊಳ್ಳುವುದು ಕಷ್ಟ. ಒಬ್ಬ ನಿಜವಾದ ಕೇಳುಗನನ್ನು ಮನಸ್ಸಿನಲ್ಲಿಟ್ಟುಕೊಂಡು ಆಡಿದ ಮಾತು ಸಾವಿರಾರು ಜನರಿಗೆ ಸಲ್ಲುತ್ತದೆಂಬುದಕ್ಕೆ ಇದು ನಿದರ್ಶನ.

೬

ಇಲ್ಲಿಯವರೆಗೆ ಹೇಳಿದ್ದು ತನ್ನ ಬಾಳನ್ನು ತಾನು ತೋರಿಸುವವನ ಮಾತಾಯಿತು. ಯಾರ ಬಾಳೂ ಒಬ್ಬನದಾಗಿ ಇರುವುದಿಲ್ಲವಷ್ಟೆ. ಕ್ಯಾಮೆರಾದ ಚೌಕಟ್ಟಿನೊಳಗೆ ಹೆಂಡತಿಯೋ ಗಂಡನೋ ಬರುತ್ತಾರೆ, ಹಾಸಿಗೆ ಹಿಡಿದ ಮಾವನವರು ಬರುತ್ತಾರೆ, ಮನೆಗೆಲಸದಾಕೆ ಬರುತ್ತಾಳೆ, ಮಗು ಬರುತ್ತದೆ. ಇವರಲ್ಲಿ ಒಡಂಬಡಿಕೆಗೆ ಒಪ್ಪಿದವರು ಯಾರು?

೨೦೧೭ರ ಡಿಸೆಂಬರ್ ೩೧ರಂದು ಲೋಗನ್ ಪಾಲ್ ಎಂಬ ಅಮೆರಿಕದ ವ್ಲಾಗರು ಜಪಾನಿನ ಫ್ಯೂಜಿ ಪರ್ವತದ ಬುಡದ ಕಾಡಿನಲ್ಲಿ, ಪ್ರಾಣ ಕಳೆದುಕೊಂಡಿದ್ದ ಒಬ್ಬ ಅಪರಿಚಿತನ ದೇಹವನ್ನು ತನ್ನ ಚಿತ್ರದಲ್ಲಿ ತೋರಿಸಿದನು. ಲೋಕದಲ್ಲೆಲ್ಲ ಖಂಡನೆಯಾದ ಮೇಲೆ ಚಿತ್ರವನ್ನು ತೆಗೆದುಹಾಕಿ ಕ್ಷಮೆ ಕೇಳಿದನು. ಅದು ಎಲ್ಲರ ಕಣ್ಣಿಗೂ ಬೀಳುವಂತಹ ಅನೌಚಿತ್ಯ. ಮನೆಯೊಳಗೆ ನಡೆಯುವ ಅನೌಚಿತ್ಯ ಅಷ್ಟು ಸುಲಭವಾಗಿ ಕಾಣುವುದಿಲ್ಲ.

ಅಮೆರಿಕದ ಯೂಟಾ ಸಂಸ್ಥಾನದ ರೂಬಿ ಫ್ರ್ಯಾಂಕೆ ಎಂಬ ತಾಯಿ ೨೦೧೫ರಲ್ಲಿ '೮ ಪ್ಯಾಸೆಂಜರ್ಸ್' ಎಂಬ ಚಾನೆಲನ್ನು ಆರಂಭಿಸಿದಳು. ಗಂಡ, ಹೆಂಡತಿ, ಆರು ಮಕ್ಕಳು ಸೇರಿ ಎಂಟು ಜನ. ಇಪ್ಪತ್ತು ಲಕ್ಷಕ್ಕೂ ಮೀರಿದ ಚಂದಾದಾರರು ಆ ಮನೆಯನ್ನು ಆದರ್ಶ ಸಂಸಾರವೆಂದು ನೋಡುತ್ತಿದ್ದರು. ೨೦೨೩ರ ಆಗಸ್ಟಿನಲ್ಲಿ ಆಕೆ ಮಕ್ಕಳನ್ನು ಹಿಂಸಿಸಿದ ಆರೋಪದ ಮೇಲೆ ಬಂಧಿತಳಾದಳು. ೨೦೨೪ರ ಫೆಬ್ರವರಿಯಲ್ಲಿ ಒಂದರಿಂದ ಹದಿನೈದು ವರುಷಗಳವರೆಗಿನ ನಾಲ್ಕು ಶಿಕ್ಷೆಗಳನ್ನು ಒಂದರ ಮೇಲೊಂದರಂತೆ ಅನುಭವಿಸತಕ್ಕದ್ದೆಂದು ನ್ಯಾಯಾಲಯ ತೀರ್ಪು ಕೊಟ್ಟಿತು. ಎಲ್ಲ ಸಂಸಾರದ ವ್ಲಾಗುಗಳೂ ಹೀಗೆಂದು ಹೇಳುವುದು ಅನ್ಯಾಯ; ಬಹುಪಾಲು ತಾಯ್ತಂದೆಗಳು ಮಕ್ಕಳ ಮೇಲಿನ ಪ್ರೀತಿಯಿಂದಲೇ ಅವರ ಚಿತ್ರವನ್ನು ತೆಗೆಯುತ್ತಾರೆ. 

ಆದರೆ ಈ ಪ್ರಕರಣದಲ್ಲಿ ವಿಮರ್ಶಕನು ಗಮನಿಸಬೇಕಾದ ಸಂಗತಿಯೊಂದಿದೆ. ಲಕ್ಷಾಂತರ ಕಣ್ಣುಗಳು ವರುಷಗಟ್ಟಲೆ ನೋಡಿದರೂ ಆ ಮನೆಯ ನಿಜ ಸ್ಥಿತಿ ಬಹುಮಂದಿಗೆ ತಿಳಿಯಲಿಲ್ಲ. ಕ್ಯಾಮೆರಾ ಇದ್ದಲ್ಲಿ ಸತ್ಯವಿದೆಯೆಂಬ ನಂಬಿಕೆ ಎಷ್ಟು ದುರ್ಬಲವಾದುದೆಂಬುದು ಇದರಿಂದ ತೋರುತ್ತದೆ. ಮುಂದೆ ಆ ಮನೆಯ ಹಿರಿಯ ಮಗಳು ೨೦೨೪ರಲ್ಲಿ ಯೂಟಾದ ಶಾಸಕರ ಮುಂದೆ ನಿಂತು, ಸಂಸಾರದ ವ್ಲಾಗಿನಲ್ಲಿ ನೀತಿಯುತವಾದುದೆಂಬುದು ಇರಲಾರದೆಂದು ಸಾಕ್ಷ್ಯ ನುಡಿದಳು. ೨೦೨೫ರಲ್ಲಿ ತನ್ನ ಬಾಲ್ಯವನ್ನು ಕುರಿತು ಪುಸ್ತಕವನ್ನೇ ಬರೆದಳು. ಸಾವಿರಾರು ದೃಶ್ಯಗಳಲ್ಲಿ ಕಾಣಿಸಿಕೊಂಡವಳು ತನ್ನ ಕಥೆಯನ್ನು ತಾನೇ ಹೇಳುವುದಕ್ಕೆ ಕಡೆಗೆ ಅಕ್ಷರವನ್ನು ಆಶ್ರಯಿಸಬೇಕಾಯಿತು.

ಕಾನೂನು ಮೆಲ್ಲಮೆಲ್ಲಗೆ ಎಚ್ಚತ್ತಿದೆ. ಫ್ರಾನ್ಸು ೨೦೨೦ರ ಅಕ್ಟೋಬರಿನಲ್ಲಿಯೇ ಹದಿನಾರಕ್ಕಿಂತ ಚಿಕ್ಕ ಮಕ್ಕಳ ದುಡಿಮೆಯನ್ನು ಕುರಿತ ನಿಯಮವನ್ನು ಇಂತಹ ಚಿತ್ರಗಳಿಗೂ ಅನ್ವಯಿಸಿ, ತನ್ನ ಚಿತ್ರವನ್ನು ಅಳಿಸಬೇಕೆಂದು ಕೇಳುವ ಹಕ್ಕನ್ನು ಮಗುವಿಗೇ ಕೊಟ್ಟಿತು. ಅಮೆರಿಕದ ಇಲಿನಾಯ್ ಸಂಸ್ಥಾನದಲ್ಲಿ ೨೦೨೪ರ ಜುಲೈ ೧ರಿಂದ, ವ್ಲಾಗಿನಲ್ಲಿ ಕಾಣಿಸಿಕೊಂಡ ಮಕ್ಕಳಿಗಾಗಿ ವರಮಾನದ ಒಂದು ಪಾಲನ್ನು ಬೇರೆಯಾಗಿ ಕಾದಿಡಬೇಕೆಂದು ವಿಧಿಯಾಯಿತು. ೨೦೨೫ರಲ್ಲಿ ಯೂಟಾ ಸಂಸ್ಥಾನವೂ ಇಂತಹುದೇ ಶಾಸನವನ್ನು ಮಾಡಿತು.

ಕಾನೂನು ಹಣದ ಪಾಲನ್ನು ಹಂಚಬಲ್ಲದು. ಬಾಲ್ಯವನ್ನು ಹಿಂದಕ್ಕೆ ಕೊಡಲಾರದು. ಮನೆಯ ಮಾತು ಹೊಸ್ತಿಲು ದಾಟಬಾರದೆಂದು ಹಿರಿಯರು ಹೇಳುತ್ತಿದ್ದುದರಲ್ಲಿ ದಬ್ಬಾಳಿಕೆಯ ಅಂಶವೂ ಇತ್ತೆಂಬುದು ನಿಜ. ಎಷ್ಟೋ ಹೆಣ್ಣುಮಕ್ಕಳ ಅಳುವನ್ನು ಆ ಹೊಸ್ತಿಲು ಮುಚ್ಚಿಟ್ಟಿತು. ಅಂತಹ ಅಳುವನ್ನು ಲೋಕಕ್ಕೆ ತಲಪಿಸಿದ ಕೀರ್ತಿ ವ್ಲಾಗಿಗೂ ಸಲ್ಲಬೇಕು. ಆದರೆ ತನ್ನ ಅಳುವನ್ನು ತಾನು ಹೊಸ್ತಿಲು ದಾಟಿಸುವುದು ಬೇರೆ. ಇನ್ನೊಬ್ಬರ ಅಳುವನ್ನು ಅವರ ಅನುಮತಿಯಿಲ್ಲದೆ ಬೀದಿಗೆ ತರುವುದು ಬೇರೆ. ಔಚಿತ್ಯವೇ ಕಾವ್ಯದ ಜೀವವೆಂಬ ಕ್ಷೇಮೇಂದ್ರನ ಸಿದ್ಧಾಂತವನ್ನು ಇಲ್ಲಿ ಅಲಂಕಾರಶಾಸ್ತ್ರದ ಮಾತೆಂದು ಬಿಡುವಂತಿಲ್ಲ. ಜ್ವರದಿಂದ ನರಳುವ ಮಗುವಿನ ಮುಖ, ನೆನಪು ತಪ್ಪಿದ ಅಜ್ಜಿಯ ಗೊಂದಲ, ಸಾವಿನ ಮನೆಯ ಮೌನ ಇವು ಸಾಧಾರಣೀಕರಣವನ್ನು ಹೊಂದದೆ ಹಸಿಹಸಿಯಾಗಿ ಬಂದಾಗ ನೋಡುಗನಿಗೆ ಕರುಣರಸ ಲಭಿಸುವುದಿಲ್ಲ. ಬಾಗಿಲ ಸಂದಿಯಿಂದ ಇಣುಕಿದವನ ಕುತೂಹಲ ಮಾತ್ರ ಲಭಿಸುತ್ತದೆ.

೭

ಆದುದರಿಂದ ವ್ಲಾಗಿನ ಬೆಲೆಯನ್ನು ಅದರ ಚಂದಾದಾರರ ಎಣಿಕೆಯಿಂದ ಕಟ್ಟುವುದು ಹೇಗೆ ತಪ್ಪೋ, ಅದು ಹೊಸತೆಂಬ ಕಾರಣದಿಂದ ಹೀಗಳೆಯುವುದೂ ಹಾಗೆಯೇ ತಪ್ಪು. ಹೇಳುವವನು ಮೊದಲು ಬಾಳಿದನೆ, ಬಾಳಿದ ಮೇಲೆ ಹೇಳಿದನೆ? ಹೇಳಿದ ಬಾಳು ಅವನದೆ, ಇನ್ನೊಬ್ಬರದೆ? ಹೇಳಿದುದರಲ್ಲಿ ಕೇಳುವವನು ತನ್ನನ್ನು ಕಂಡುಕೊಳ್ಳುವಷ್ಟು ಜಾಗವಿದೆಯೆ? ಈ ಮೂರು ಪ್ರಶ್ನೆಗಳಿಗೆ ಒಪ್ಪುವಂತಹ ಉತ್ತರ ದೊರೆತಲ್ಲಿ, ಮೊಬೈಲಿನಲ್ಲಿ ತೆಗೆದ ಹತ್ತು ನಿಮಿಷದ ಚಿತ್ರವು ಒಳ್ಳೆಯ ಲಘುಪ್ರಬಂಧದ ಪಕ್ಕದಲ್ಲಿ ಕುಳಿತುಕೊಳ್ಳಲು ಅರ್ಹವಾದುದು. ದೊರೆಯದಲ್ಲಿ ಕೋಟಿ ಜನರು ನೋಡಿದರೂ ಅದು ಸಂತೆಯ ಗದ್ದಲ.

ಇದರ ವಿಷಯದಲ್ಲಿ ವಿದ್ಯಾವಂತರ ಮನೆಗಳ ಹೊಣೆ ಸಣ್ಣದಲ್ಲ. ಅಂತಹ ಮನೆಗಳಲ್ಲಿ ಮಗುವಿನ ಮೊದಲ ಹೆಜ್ಜೆಯನ್ನು ಚಿತ್ರಿಸುವ ಕೈ ಸಿದ್ಧವಾಗಿರುತ್ತದೆ; ತೊಂಬತ್ತು ದಾಟಿದ ಅಜ್ಜನನ್ನು ಕೂರಿಸಿ ಅವರ ಮಾತನ್ನು ಕೇಳುವ ಕಿವಿ ಅಷ್ಟು ಸಿದ್ಧವಾಗಿರುವುದಿಲ್ಲ. ಮಗುವಿಗೆ ಮುಂದೆ ತನ್ನ ಕಥೆಯನ್ನು ತಾನೇ ಹೇಳಿಕೊಳ್ಳಲು ಕಾಲವುಂಟು. ಅಜ್ಜನಿಗೆ ಅಷ್ಟು ಕಾಲವಿಲ್ಲ. ಬರಗಾಲದಲ್ಲಿ ಯಾವ ಗೆಡ್ಡೆಯನ್ನು ತಿಂದರು, ಮೊದಲ ಬಸ್ಸು ಊರಿಗೆ ಬಂದ ದಿನ ಯಾರು ಯಾರು ಹತ್ತಿದರು, ಮದುವೆಗೆ ಎಷ್ಟು ದಿನ ಗಾಡಿಯಲ್ಲಿ ಹೋದರು ಎಂಬುದನ್ನು ಅವರ ಮಾತಿನಲ್ಲಿಯೇ, ಅವರು ಒಪ್ಪಿದಷ್ಟನ್ನು, ಅವರು ಹೇಳಬೇಡವೆಂದುದನ್ನು ಬಿಟ್ಟು ಹಿಡಿದಿಟ್ಟರೆ, ಅದನ್ನು ಹತ್ತು ಜನ ನೋಡಿದರೂ ಸಾಕು, ಯಾರೂ ನೋಡದೆ ಮನೆಯ ಪೆಟ್ಟಿಗೆಯಲ್ಲಿ ಉಳಿದರೂ ನಷ್ಟವಿಲ್ಲ. ಆನಂದರಂಗ ಪಿಳ್ಳೆಯ ದಿನಚರಿಯೂ ಬಹುಕಾಲ ಮನೆಯಲ್ಲಿಯೇ ಉಳಿದಿತ್ತು.